ಫೋರಂ ಮುಚ್ಚಿದ ಮೇಲೆ, ಫ್ರೀಜರ್ ಮುಂದೆ

ಇವತ್ತು ಇಲ್ಲಿ ಪರದೇಶದ ಸ್ಟ್ರೀಟ್ಸ್‌ವಿಲ್ಲಿನ ಇಂಡಿಯನ್ ದಿನಸಿ ಅಂಗಡೀಲಿ ಜೋರು ಜಗಳ, ಗೆಳೆಯರೇ. ಮೈಸೂರಿನ ಮೂರ್ತಿಯವರು, ಹುಬ್ಬಳ್ಳಿಯ ಪಾಟೀಲರು. ಸಾರಿಗೆ ಬೆಲ್ಲ ಹಾಕ್ಬೇಕೋ ಬೇಡ್ವೋ ಅಂತ ಫ್ರೀಜರ್ ಮುಂದೇನೇ ಶುರು. ನಮ್ಮ ಕನ್ನಡ ಸಂಘದ ವೆಬ್‌ಸೈಟಲ್ಲಿ ಇಬ್ರೂ ದಿನಾ ಕಿತ್ತಾಡ್ತಿದ್ರು. "ಬರೀ ಜಗಳ" ಅಂತ ಅಡ್ಮಿನ್ ಸತೀಶ ಅವರ ಪೋಸ್ಟ್ ಡಿಲೀಟ್ ಮಾಡಿ ಮಾಡಿ, ಹೋದ ತಿಂಗಳು ಚರ್ಚೆಯ ಫೋರಮ್ಮನ್ನೇ ಮುಚ್ಚಿಬಿಟ್ಟ. ಇವತ್ತು ನಾವೆಲ್ಲ ಟ್ರಾಲಿ ನಿಲ್ಸಿ ಪಕ್ಷ ವಹಿಸಿದ್ವಿ.

ಕರಿಬೇವು ತಗೊಳ್ಳಕ್ಕೆ ಬಂದಿದ್ದ ಸತೀಶ ಗುಂಪು ನೋಡಿ ಮುಖ ಸಪ್ಪೆ ಮಾಡ್ಕೊಂಡ.

"ಸೈಟಿಗೆ ಈಗ ಯಾರೂ ಬರ್ತಿಲ್ಲ ಸಾರ್. ಯುಗಾದಿ ಕಾರ್ಯಕ್ರಮದ ಟಿಕೆಟ್ ಪೇಜನ್ನೂ ನೋಡೋರಿಲ್ಲ. ಫೋರಂ ಮತ್ತೆ ಓಪನ್ ಮಾಡ್ತೀನಿ, ಬಂದ್ಬಿಡಿ."

"ಬ್ಯಾಡೋ ತಮ್ಮಾ," ಅಂದ್ರು ಪಾಟೀಲರು. "ಇಲ್ಲಿ ನಿನಗ ಡಿಲೀಟ್ ಮಾಡಾಕ ಬರಂಗಿಲ್ಲ."

"ಕರೆಕ್ಟ್," ಅಂದ್ರು ಮೂರ್ತಿಯವರು.

ಇಷ್ಟು ವರ್ಷದಲ್ಲಿ ಅವರಿಬ್ರೂ ಒಪ್ಪಿದ ಮೊದಲನೇ ಮಾತು ಅದು.