ಭಾಗವ್ವ ಕೈಮುಗಿದ ಕೆಂಪು ಗುಡ್ಡ

ಬಾಗೇವಾಡಿ ಸೀಮೆಯ ಎರೆಭೂಮಿಯಲ್ಲಿ ಹುಟ್ಟಿ, ಅಲ್ಲಿಯೇ ಸೊಸೆಯಾಗಿ ಬಾಳಿದ ಭಾಗವ್ವನದು ಒಂದು ವಿಶೇಷ ಸ್ವಭಾವ. ಯಾರ ಮನೆಗೆ ಹೋದರೂ ಅಲ್ಲಿ ಹೊಗಳತಕ್ಕದ್ದೊಂದನ್ನು ಕಾಣದೆ ಆಕೆ ನೀರು ಮುಟ್ಟುತ್ತಿರಲಿಲ್ಲ. ಗೋಡೆ ಕುಸಿದ ಮನೆಯಾದರೆ ಅದರ ಒಲೆಯನ್ನು ಹೊಗಳುವಳು. ಒಲೆಯೂ ಹೊಗೆಯಾಡಿದರೆ ಉಣಬಡಿಸಿದ ಕೈಯನ್ನು. ಶಿವನು ಕೊಟ್ಟ ಜಾಗವನ್ನು ಜರೆದರೆ ಶಿವನನ್ನೇ ಜರೆದಂತೆ ಎಂಬುದು ತಾಯಿ ಬಾಳಮ್ಮ ಕಲಿಸಿದ ಪಾಠ.

ಆ ತಾಯಿಯನ್ನು ಊರಿಗೆ ಕರೆತರಲೆಂದೇ ಆಕೆ ೧೯೮೯ರ ಶಿವರಾತ್ರಿ ಕಳೆದ ಮೇಲೆ ಗೋವೆಯ ಡಿಚೋಲಿಗೆ ಹೊರಟಳು. ತಮ್ಮ ಕಂಠೆಪ್ಪ ಅಲ್ಲಿ ಗಣಿಯ ಟಿಪ್ಪರ್ ಓಡಿಸುತ್ತಿದ್ದನು. ಮುದುಕಿಯನ್ನು ತನ್ನೊಡನೆ ಕರೆದೊಯ್ಯುವಾಗ, ಹೆಚ್ಚುಕಡಿಮೆಯಾದರೆ ಊರಿಗೇ ತಂದು ಅಪ್ಪನ ಸಮಾಧಿಯ ಪಕ್ಕದಲ್ಲಿ ಇಡುವೆನೆಂದು ಅಕ್ಕನ ಕೈ ಮುಟ್ಟಿ ಮಾತು ಕೊಟ್ಟಿದ್ದನು.

ಬಸ್ಸಿಳಿದು ನಡೆಯುವಾಗ, ಕೂಲಿಕಾರರ ಗುಡಿಸಲುಗಳ ಹಿಂದೆ ಒಂದು ಕೆಂಪು ಗುಡ್ಡ ಕಾಣಿಸಿತು. ಕಪ್ಪು ನೆಲಕ್ಕೆ ಪಳಗಿದ ಕಣ್ಣಿಗೆ ಅದು ಕುಂಕುಮದ ರಾಶಿಯಾಗಿ ತೋರಿತು. ಆಕೆಯ ಸೀಮೆಯಲ್ಲಿ ಬಯಲಿನ ನಡುವೆ ಗುಡ್ಡವೊಂದು ಎದ್ದಿತೆಂದರೆ ಅದರ ಮೇಲೆ ದೇವರಿರಲೇಬೇಕು. ಭಾಗವ್ವ ಚಪ್ಪಲಿ ಬಿಟ್ಟು ಕೈಮುಗಿದಳು. ಕರೆಯಬಂದಿದ್ದ ಕಂಠೆಪ್ಪ ಮುಖ ತಿರುಗಿಸಿದನು; ಬಿಸಿಲಿಗೆಂದು ಆಕೆ ಬಗೆದಳು.

ಅವ್ವ ಪರ್ವರಿಯಲ್ಲಿರುವ ಬಳಗದ ಪರಮಣ್ಣನ ಮನೆಗೆ ಹೋಗಿದ್ದಾಳೆ, ಅವನ ಮಗಳ ಬಾಣಂತನ ಮುಗಿಸಿ ಬರುತ್ತಾಳೆ ಎಂದು ಕಂಠೆಪ್ಪನ ಹೆಂಡತಿ ನೀಲಗಂಗವ್ವ ಹೇಳಿದಳು. ಭಾಗವ್ವ ಕಾಯುತ್ತ ಉಳಿದಳು. ಬಂಡೆಯ ಬಿರುಕಿನಿಂದ ಹಗ್ಗ ಕೊಡಗಳ ಹಂಗಿಲ್ಲದೆ ಇಳಿಯುವ ಝರಿಯನ್ನು ಕಂಡು, ಶಿವನು ಇಲ್ಲಿ ಜಡೆಯನ್ನೇ ಹಿಂಡಿದ್ದಾನೆಂದಳು. ಕುಚ್ಚಲಕ್ಕಿಯ ಗಂಜಿ ಆಕೆಗೆ ರುಚಿಸಿತು, ಅಂಗಳದ ಗೇರುಮರದ ನೆರಳು ಹಿತವಾಯಿತು. ಆಚೆ ಮನೆಯ ಕೊಂಕಣಿ ಹೆಂಗಸರು ಸಂಜೆ ತುಳಸಿಕಟ್ಟೆಗೆ ದೀಪವಿಡುವಾಗ ತಾನೂ ಹೋಗಿ ನಿಲ್ಲುವಳು. ಮಾತು ತಿಳಿಯದಿದ್ದರೂ ಭಕ್ತಿ ತಿಳಿಯುತ್ತಿತ್ತು. ಮುಂಜಾನೆ ಮಾತ್ರ ತಪ್ಪದೆ ಕೆಂಪು ಗುಡ್ಡದ ಬುಡಕ್ಕೆ ಒಂದು ಹೂವಿಟ್ಟು ಬರುವಳು.

“ಅವ್ವ ಈ ಝರಿ ಬಿಟ್ಟು ಬರಾಕ ಒಲ್ಲೆ ಅಂತಾಳ ನೋಡ, ನೀಲಗಂಗಾ. ಜಗ್ಗಿಕೊಂಡು ಹೋಗಬೇಕಾಕ್ಕೈತಿ,” ಎಂದು ಒಮ್ಮೆ ನಕ್ಕಳು. ನೀಲಗಂಗವ್ವ ನಗಲಿಲ್ಲ, ಬರಿದಾದ ಗಡಿಗೆಯಲ್ಲಿ ಸೌಟು ಆಡಿಸುತ್ತಿದ್ದಳು.

ಪಕ್ಕದ ಗುಡಿಸಲಿನ ಲಂಬಾಣಿ ಮುದುಕಿ ದುರ್ಗಾಬಾಯಿ ಒಂದು ಮುಂಜಾನೆ ಗುಡ್ಡದ ಬುಡದಲ್ಲಿ ಎದುರಾದಳು.

“ಮಗಳಂದ್ರ ನೀನ ನೋಡ, ಭಾಗವ್ವಕ್ಕಾ. ಆಯಿಗೆ ದಿನಾ ಹೂವು ಏರಸಾಕತ್ತಿ. ನಿನ್ನ ತಮ್ಮ ಒಮ್ಮಿಯೂ ಇತ್ತಾಗ ಹೊಳ್ಳಿ ನೋಡಿಲ್ಲ.”

“ಯಾವ ಆಯಿ?” ಎಂದಳು ಭಾಗವ್ವ.

ಮುದುಕಿಗೆ ತನ್ನ ಮಾತಿನ ಭಾರ ಆಗ ತಿಳಿಯಿತು. ಆದರೂ ಮುಚ್ಚಿಡಲಿಲ್ಲ. ಬಾಳಮ್ಮ ಹೋದ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡಳು; ಈಬತ್ತಿ ಹಚ್ಚಿ ಇಲ್ಲಿದ್ದ ತಗ್ಗಿನಲ್ಲಿ ಕೂರಿಸಿ ಮಣ್ಣು ಮಾಡಿದರು. ಮಳೆ ನಿಂತ ಮೇಲೆ, ಅದಿರು ಬೇರ್ಪಡಿಸಿ ಉಳಿದ ಮಣ್ಣನ್ನು ಗಣಿಯವರು ಅಲ್ಲಿಗೇ ತಂದು ಸುರಿಸಿದರು. ತಗ್ಗು ತುಂಬಿ ಗುಡ್ಡವಾಯಿತು. ಅದರ ಮೇಲೆ ದೇವರಿರಲಿಲ್ಲ, ಅಡಿಯಲ್ಲಿ ತಾಯಿಯಿದ್ದಳು.

ಕಂಠೆಪ್ಪ ಮನೆಗೆ ಬಂದಾಗ ಅವನ ಹುಬ್ಬಿನ ತನಕ ಅದೇ ಕೆಂಧೂಳಿಯಿತ್ತು. ಅಕ್ಕನ ಮುಖ ನೋಡಿದೊಡನೆ ಹೊಸ್ತಿಲಲ್ಲೇ ಕುಕ್ಕರಿಸಿದನು.

“ಮಳ್ಯಾಗ ರಸ್ತಾ ಕಡಿದಿತ್ತಕ್ಕಾ. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ. ಬಂದಾಕಿ ನಾಕು ದಿನ ಉಂಡು, ಊರು ನೋಡಿ, ಮನಸು ತಣ್ಣಗಾಗಲಿ ಅಂದೆ.”

“ಆಕಿ ಮ್ಯಾಲೆ ಮಣ್ಣು ಸುರಿದವರು ಯಾರೋ?”

“ಸಾಹೇಬ್ರು ಹೇಳಿದ್ರು. ಗಾಡಿಯವ್ರೆಲ್ಲಾ ಸುರಿದ್ರು.”

“ನೀನೂ?”

ಕಂಠೆಪ್ಪ ತನ್ನ ಅಂಗೈಗಳನ್ನು ನೋಡಿಕೊಂಡನು.

ಝರಿಯ ನೀರು, ಗಂಜಿಯ ಸವಿ, ಗೇರುಮರದ ನೆರಳು, ತಾನು ಹೊಗಳಿದ ಒಂದೊಂದೂ ಸುಳ್ಳಿನ ಬಾಗಿಲಿಗೆ ಕಟ್ಟಿದ ತೋರಣವಾಗಿತ್ತೆಂದು ಭಾಗವ್ವನಿಗೆ ತೋರಿತು. ತಾನು ಆ ಗುಡ್ಡಕ್ಕೆ ದಿನವೂ ಹೂವಿಡುವುದು ಗಂಡಹೆಂಡತಿ ಇಬ್ಬರಿಗೂ ತಿಳಿದಿತ್ತು.

ಮರುದಿನ ಹೊರಟು ನಿಂತಾಗ ನೀಲಗಂಗವ್ವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಹಿಡಿದು ಉಡಿ ತುಂಬಲು ಬಂದಳು. ಮುತ್ತೈದೆ ಮಗಳು ತವರಿನಿಂದ ಬರಿ ಉಡಿಯಲ್ಲಿ ಹೊರಟರೆ ಆ ತವರು ತೀರಿತೆಂದೇ ಅರ್ಥ.

“ಅಕ್ಕಿ ಬ್ಯಾಡವ್ವಾ. ಅವ್ವನ ಮೈಮ್ಯಾಲಿನ ಒಂದು ಹಿಡಿ ಮಣ್ಣು ಹಾಕು. ಒಯ್ದು ಅಪ್ಪನ ಬಾಜೂಕ ಇಡ್ತೀನಿ.”

ಕಂಠೆಪ್ಪ ಓಡಿಹೋಗಿ ಗುಡ್ಡದ ಬುಡದಿಂದ ಒಂದು ಹಿಡಿ ತಂದನು. ಭಾಗವ್ವ ಅದನ್ನು ಬಹಳ ಹೊತ್ತು ನೋಡಿದಳು.

“ಇದು ನೀ ತಂದು ಸುರಿದದ್ದು. ಅವ್ವಂದು ಇದರ ಬುಡಕೈತಿ.”

ಸೆರಗನ್ನು ಸೊಂಟಕ್ಕೆ ಬಿಗಿದು ನಡೆದಳು. ತಮ್ಮನು ಮುಷ್ಟಿ ಬಿಚ್ಚಲಾರದೆ ನಿಂತೇ ಇದ್ದನು. ಗುಡ್ಡದ ಬಳಿ ಆಕೆಯ ಕಾಲು ತಡೆಯಿತು. ಆದರೆ ಕೈ ಮೇಲೇಳಲಿಲ್ಲ.

ತಾಯಿಗೆಂದು ಒಯ್ದಿದ್ದ ಇಳಕಲ್ಲ ಸೀರೆಯನ್ನು ಊರಲ್ಲಿ ತಂದೆಯ ಸಮಾಧಿಯ ಮೇಲೆ ಹೊದಿಸಿದಳು. ಗೋವಾ ಹೇಗಿತ್ತೆಂದು ಕೇಳಿದವರಿಗೆ, ನೀರು ಚಲೋ ಐತಿ ಎನ್ನುತ್ತಿದ್ದಳು. ತಮ್ಮನ ಮನೆಯ ಮಾತೆತ್ತಿದರೆ ಮಾತ್ರ ಭಾಗವ್ವನ ಬಾಯಿಗೆ ಹೊಗಳಿಕೆ ಬರುತ್ತಿರಲಿಲ್ಲ. ಜರೆಯಲೂ ಒಲ್ಲದೆ, ಎದ್ದು ಒಳಗೆ ಹೋಗುತ್ತಿದ್ದಳು.