ಚಿಸೋಮೊಗೆ ಮನೆ ಹುಡುಕಿದ ಆಷಾಢ

ಗೋವಿಂದರಾಜನಗರದ ಮೊದಲ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದೆ. ಎದುರು ಕಟ್ಟಡದ ಹೆಂಗಸು ತನ್ನ ಒಲೆಯ ಮುಂದೆ ನಿಂತಿದ್ದಳು. ಕೈ ಚಾಚಿದರೆ ನನಗೊಂದು ಕರಿಬೇವಿನ ಎಸಳು ದಾಟಿಸಬಹುದಾದಷ್ಟು ಹತ್ತಿರ. ನಾನು ನಕ್ಕೆ. ಅವಳು ಕಿಟಕಿ ಮುಚ್ಚಿಕೊಂಡಳು. ರಾಣೇಬೆನ್ನೂರಿನಲ್ಲಿ ಎದುರುಮನೆಯೆಂದರೆ ನಡುವೆ ಒಂದು ರಸ್ತೆ, ಆಚೀಚೆ ಎರಡು ಕಟ್ಟೆ, ಊಟ ಆಯಿತೇ ಎಂಬ ಪ್ರಶ್ನೆ. ಇಲ್ಲಿ ರಸ್ತೆಯೂ ಇಲ್ಲ, ಪ್ರಶ್ನೆಯೂ ಇಲ್ಲ.

ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಮಗಳ ಬಾಡಿಗೆಮನೆಗೆ ಬಂದವಳು ನಾನು. ಹೊರಡುವಾಗ ನಮ್ಮೂರಿನ ನೀವೆಲ್ಲ ಹೇಳಿದ ಮಾತು ನೆನಪಿದೆ: ಬೆಂಗಳೂರು ಯಾರನ್ನೂ ಬೇಡವೆನ್ನುವುದಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು, ಉಳಿದದ್ದನ್ನು ಓದಿ ಓದಿ ಕಲಿತ ನನಗೆ ಇನ್ನೊಬ್ಬರ ಮಾತನ್ನು ಹಾಗೆಯೇ ಒಪ್ಪುವ ಅಭ್ಯಾಸವಿಲ್ಲ. ನೋಡಿಯೇ ತಿಳಿಯೋಣವೆಂದು ಬಂದೆ.

ಊಟದ ಪ್ರಶ್ನೆಯನ್ನು ಈ ಊರಿನಲ್ಲಿ ನನಗೆ ಮೊದಲು ಕೇಳಿದವಳು ಮಲಾವಿ ದೇಶದ ಹುಡುಗಿ. ಹೆಸರು ಚಿಸೋಮೊ. ನಮ್ಮ ಕಟ್ಟಡದ ತಾರಸಿಯ ಒಂಟಿ ಕೋಣೆಯಲ್ಲಿದ್ದುಕೊಂಡು ಹತ್ತಿರದ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಬಟ್ಟೆ ಒಣಹಾಕಲು ಹೋದಾಗ, "ಅಜ್ಜಿ, ಊಟ ಆಯ್ತಾ?" ಎಂದಳು. ಆಗ ಅವಳಿಗೆ ಬರುತ್ತಿದ್ದ ಕನ್ನಡ ಬಹುಪಾಲು ಅಷ್ಟೇ. ನನ್ನ ಇಂಗ್ಲಿಷೂ ಅದೇ ಅಳತೆಯದು. ದಿನಕ್ಕೆ ನಾಲ್ಕು ಮಾತು ಕೂಡಿಸುತ್ತ ಹೋದೆವು.

ಅವಳು ಮೆಕ್ಕೆಜೋಳದ ಹಿಟ್ಟಿನಿಂದ ನ್ಸಿಮಾ ಎಂಬ ಗಟ್ಟಿ ಮುದ್ದೆ ಮಾಡಿ ಸೊಪ್ಪಿನ ಪಲ್ಯದೊಡನೆ ಉಣ್ಣುತ್ತಿದ್ದಳು. ಇಲ್ಲಿಯವರ ರಾಗಿಮುದ್ದೆಗೂ ಅದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಣ್ಣವೊಂದೇ. ಇಲ್ಲಿ ಮುದ್ದೆಯನ್ನು ನುಂಗುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಆ ವಿದ್ಯೆ ಬಂದಿಲ್ಲ, ಅವಳಿಗೂ ಬಂದಿರಲಿಲ್ಲ. ತಾರಸಿಯ ಮೇಲೆ ಇಬ್ಬರೂ ನಾಚಿಕೆಯಿಲ್ಲದೆ ಅಗಿದು ತಿಂದೆವು.

ಆಷಾಢ ಹತ್ತಿರವಾದಾಗ ನಮ್ಮ ಮಾಲೀಕರು ಮೇಲೆ ಇನ್ನೊಂದು ಅಂತಸ್ತು ಎತ್ತಿಸುವುದಾಗಿ ಹೇಳಿ, ಶ್ರಾವಣ ಬಂದೊಡನೆ ಅವಳು ಕೋಣೆ ಬಿಡಬೇಕೆಂದರು. ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಬೇರೆ ಮನೆ ಸಿಗದಿದ್ದರೆ ಅವಳು ನಗರದ ಇನ್ನೊಂದು ತುದಿಗೆ, ತನ್ನ ದೇಶದ ಹುಡುಗಿಯರು ಒತ್ತೊತ್ತಾಗಿ ಇರುವ ಕೋಣೆಗೆ ಹೋಗಬೇಕಿತ್ತು. ಬೆಳಗಿನ ತರಗತಿ, ಆಸ್ಪತ್ರೆಯ ಪಾಳಿ, ಮೇಲೆ ಅಷ್ಟು ದೂರದ ಬಸ್ಸು. "ಅಜ್ಜಿ, ಹಾಗಾದರೆ ನಾನು ಫೇಲಾಗ್ತೀನಿ" ಎಂದಳು. ನಾನು ಚಪ್ಪಲಿ ಮೆಟ್ಟಿದೆ.

ಆಷಾಢದಲ್ಲಿ ಇಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಶುಭಕಾರ್ಯಕ್ಕೆ ನಮ್ಮಲ್ಲೂ ಆ ತಿಂಗಳು ಆಗದು. ಬಾಡಿಗೆಮನೆಗೂ ಆ ಕಟ್ಟು ಇಷ್ಟು ಬಿಗಿಯೆಂದು ಇಲ್ಲಿ ತಿಳಿಯಿತು. ಆದ್ದರಿಂದ ಬೀದಿಗೆ ನಾಲ್ಕಾದರೂ ಟು-ಲೆಟ್ ಹಲಗೆಗಳು ತೂಗುತ್ತಿದ್ದವು.

"ನಮ್ದು ವೆಜಿಟೇರಿಯನ್ ಬಿಲ್ಡಿಂಗು ಕಣಮ್ಮ" ಎಂದರು ಒಬ್ಬ ಮಾಲೀಕರು.

"ಆಕಿ ಸೊಪ್ಪು ತಿಂತಾಳ್ರೀ" ಎಂದೆ. ಅಷ್ಟರಲ್ಲಿ ಅವರ ಬೆನ್ನಹಿಂದಿನಿಂದಲೇ ಕೋಳಿಸಾರಿನ ಘಮ ಬಂತು.

"ನಿಮಗೆ ಅವಳು ಏನಾಗ್ಬೇಕು?" ಎಂದರು ಇನ್ನೊಬ್ಬರು.

"ಮೊಮ್ಮಗಳು."

"ಒಳ್ಳೆ ತಮಾಷೆ ಮಾಡ್ತೀರ!"

ಕೊನೆಗೆ ಮೂಡಲಪಾಳ್ಯದಲ್ಲಿ ಒಬ್ಬ ಮನೆಯೊಡತಿ ಚಿಸೋಮೊಳ ಕೆನ್ನೆ ಸವರಿ, "ಪಾಪ, ಎಷ್ಟು ದೂರದಿಂದ ಬಂದೈತೆ ಮಗು. ಶ್ರಾವಣ ಬರ್ಲಿ ಅಮ್ಮ, ಮೊದಲ್ನೇ ಶುಕ್ರವಾರ ಬಂದು ಹಾಲುಕ್ಕಿಸ್ಕೊಳ್ಳಿ" ಎಂದರು. ಮುಂಗಡ ಕೊಡಹೋದರೆ ಮುಟ್ಟಲಿಲ್ಲ: "ಆಷಾಢದಲ್ಲಿ ಬೇಡಿ." ಎಲ್ಲವನ್ನೂ ಶಂಕಿಸುವ ನಾನು ಆ ಕೆನ್ನೆ ಸವರಿದ ಕೈಯನ್ನು ಶಂಕಿಸಲಿಲ್ಲ. ಹುಡುಕುವುದನ್ನು ನಿಲ್ಲಿಸಿದೆ. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಬೇಕು, ಆ ಹಾಲನ್ನು ಬಂದವರೆಲ್ಲ ಕುಡಿಯಬೇಕು, ಆಗಲೇ ಮನೆ ನಮ್ಮದು ಎಂದು ಅವಳಿಗೆ ಕಲಿಸಿದೆ. ಅವಳು ಅದನ್ನು ಫೋನಿನಲ್ಲಿ ತನ್ನ ತಾಯಿಗೂ ವಿವರಿಸಿದಳು.

ಆ ಶುಕ್ರವಾರ ಹೊಸ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆವು. ಬಾಗಿಲಿಗೆ ಮಾವಿನ ತೋರಣವಿತ್ತು. ಚಿಸೋಮೊ ನನ್ನ ಕೈ ಅದುಮಿದಳು. ಒಳಗೆ ಯಾರದೋ ಮಂಚ, ಯಾರದೋ ಮಿಕ್ಸಿ, ಯಾರದೋ ಮದುವೆಯ ಫೋಟೋ. ಹಾಲು ಆಗಲೇ ಉಕ್ಕಿತ್ತು.

ಮನೆಯೊಡತಿ ನನ್ನನ್ನು ಪಕ್ಕಕ್ಕೆ ಕರೆದರು. "ಬೇಜಾರ್ ಮಾಡ್ಕೋಬೇಡಿ ಅಮ್ಮ. ನಮ್ಮೆಜಮಾನ್ರು ಒಪ್ಲಿಲ್ಲ. ರೋಡಲ್ಲೂ ಒಂಥರಾ ಮಾತಾಡ್ತಾರೆ. ನೆನ್ನೆ ಇವ್ರು ಬಂದ್ರು, ಫ್ಯಾಮಿಲಿ."

"ಒಂದ್ ಮಾತ್ ಹೇಳಿ ಕಳಸಬಾರದಿತ್ತೇನ್ರೀ?"

"ಹೆಂಗ್ ಹೇಳೋದು ಅಂತ ಸುಮ್ನಾದೆ. ಬಂದವರು ಹಂಗೇ ಹೋಗ್ಬಾರ್ದು, ಹಾಲು ಕುಡ್ಕೊಂಡ್ ಹೋಗಿ."

ನಾನು ತಿರುಗುವಷ್ಟರಲ್ಲಿ ಹೊಸ ಬಾಡಿಗೆದಾರರ ಹೆಂಗಸು ಚಿಸೋಮೊಳ ಕೈಗೆ ಲೋಟ ಕೊಟ್ಟಾಗಿತ್ತು. ನಾನು ಕಲಿಸಿದಂತೆಯೇ ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಹನಿ ಉಳಿಸದೆ ಕುಡಿದು, "ಥ್ಯಾಂಕ್ಸ್ ಆಂಟಿ" ಎಂದಳು. ಆಮೇಲೆ ನನ್ನತ್ತ ನೋಡಿದಳು. "ಅಜ್ಜಿ, ನನ್ನ ರೂಮ್ ಯಾವುದು?"

ಉತ್ತರವನ್ನು ಬೀದಿಯಲ್ಲಿ ಹೇಳಿದೆ. ಅವಳು ಅಳಲಿಲ್ಲ. ತಾಯಿಗೆ ಏನೆನ್ನಲಿ ಎಂದಷ್ಟೇ ಕೇಳಿದಳು.

ಮನೆಗೆ ಬಂದವಳೇ ಮಗಳಿಗೆ ಹೇಳಿದೆ: "ಆಕಿ ನನ್ನ ಖೋಲಿಯೊಳಗ ಇರ್ಲಿ. ನಾ ನಡುಮನಿಯಾಗ ಮಲಗ್ತೀನಿ."

ಮಗಳ ಕಣ್ಣು ತುಂಬಿತು. "ಅವ್ವಾ, ನಿನ್ನ ಕರ್ಕೊಂಡ್ ಬರೋವಾಗ್ಲೂ ಓನರ್‌ನ ಕೇಳೇ ಕರ್ಕೊಂಡ್ ಬಂದಿದ್ದು. ಇನ್ನೊಬ್ರನ್ನ ಸೇರಿಸ್ಕೊಂಡ್ರೆ ನಮ್ಮನ್ನೂ ಖಾಲಿ ಮಾಡು ಅಂತಾರೆ."

ನನಗಾಗಿಯೂ ಯಾರೋ ಅನುಮತಿ ಬೇಡಿದ್ದರೆಂದು ಆ ದಿನ ತಿಳಿಯಿತು. ನನ್ನದೆಂದುಕೊಂಡ ಕೋಣೆಯಲ್ಲಿ ಒಬ್ಬಳನ್ನು ಕೂರಿಸುವ ಹಕ್ಕೂ ನನಗಿರಲಿಲ್ಲ.

ಚಿಸೋಮೊ ನಗರದ ಆ ತುದಿಗೆ ಹೋದಳು. ಮೊದಮೊದಲು ಫೋನು ಮಾಡುತ್ತಿದ್ದಳು. ಬಸ್ಸಿನಲ್ಲೇ ನಿದ್ದೆ ಬರುತ್ತದೆ, ಎರಡು ಪರೀಕ್ಷೆ ಹೋದವು ಎಂದಳು. ಈಗ ಫೋನು ಬರುವುದಿಲ್ಲ. ನಾನು ಮಾಡಿದರೆ ಬೇರೆ ಯಾರೋ ಎತ್ತಿ, ಮಲಗಿದ್ದಾಳೆ ಎನ್ನುತ್ತಾರೆ.

ಇದನ್ನೆಲ್ಲ ನಮ್ಮೂರಿನ ನನ್ನ ಓರಗಿತ್ತಿಗೆ ಫೋನಿನಲ್ಲಿ ಹೇಳಿದೆ. ಆಕೆ ಕೇಳಿಕೊಂಡು ಬೈದಳು: "ಆ ಊರಾಗ ಮನಷ್ಯಾರ ಅದಾರೇನ? ಬಂದ್ಬಿಡ ನೀ. ನಮ್ಮ ಹಿತ್ತಲ ಮನಿ ಖಾಲೀನ ಐತಿ. ನಮ್ಮೂರು ಯಾರಿಗೆ ಇಲ್ಲ ಅಂದೈತಿ?"

ಒಂದು ಗಳಿಗೆ ಎದೆ ತಂಪಾಯಿತು. ನಮ್ಮೂರಿನಲ್ಲೂ ನರ್ಸಿಂಗ್ ಕಾಲೇಜು ಇದೆಯಲ್ಲ ಎನಿಸಿತು. "ಆ ಹುಡುಗೀನ್ನೂ ಕರ್ಕೊಂಡು ಬರ್ಲೇನ?" ಎಂದೆ.

ಆಚೆ ಕಡೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ನಮ್ಮ ಓಣಿಯದೇ ಇರಬೇಕು.

"ನೀ ಒಬ್ಬಾಕಿ ಬಾ" ಎಂದಳು.