ಶಮೀಮ್ ಆಂಟಿಯ ಇಪ್ಪತ್ತು ಪದಗಳು

ಹೋದ ವಾರ ನನಗೆ ಕೆಲಸ ಸಿಕ್ಕಿತು. ಅಭಿನಂದನೆ ಹೇಳುವ ಮೊದಲು ಸ್ವಲ್ಪ ತಾಳಿ.

ಅಮೆರಿಕದ ಲೊಂಬಾರ್ಡ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲ್ಗಡೆ ಹುಬ್ಬಳ್ಳಿಯ ಶಮೀಮ್ ಆಂಟಿ ಇದ್ದಾರೆ. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಲೇಬಲ್ ಚೆಕ್ ಮಾಡುವ ಕೆಲಸ ಖಾಲಿ ಇದೆಯೆಂದು ಪತ್ತೆ ಹಚ್ಚಿದವರು ಅವರೇ. "ನೀನೂ ಅಪ್ಲೈ ಮಾಡವಾ. ಇಬ್ಬರೊಳಗ ಯಾರಿಗರೆ ಸಿಗ್ಲಿ" ಎಂದರು. ಇದ್ದದ್ದು ಒಂದೇ ಹುದ್ದೆ.

ಅವರಿಗೆ ಆ ಕೆಲಸ ಯಾಕೆ ಬೇಕಿತ್ತು ಗೊತ್ತೇ? ಇಲ್ಲಿಗೆ ಬಂದು ಆರು ವರ್ಷವಾದರೂ ಡಾಕ್ಟರ ಹತ್ತಿರ ಮಗನೇ ಮಾತಾಡುತ್ತಾನೆ. "ಮೊಣಕಾಲು ನಂದು, ನೋವು ಹೇಳಾಂವ ಅಂವ!" ಒಂದು ಕಡೆಯಾದರೂ ತಮ್ಮ ಮಾತನ್ನು ತಾವೇ ಆಡಬೇಕೆಂಬ ಆಸೆ ಅವರಿಗೆ.

ನಾನೋ, ಮೈಸೂರಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಟೀಚರ್. ಬಿಡುತ್ತೇನೆಯೇ? ಇಂಟರ್‌ವ್ಯೂಗೆ ಬೇಕಾದ ಇಪ್ಪತ್ತು ಗುಣವಾಚಕಗಳನ್ನು ಬರೆದು ಅವರ ಫ್ರಿಜ್ಜಿಗೆ ಅಂಟಿಸಿದೆ. ಪಂಕ್ಚುಯಲ್, ಸಿನ್ಸಿಯರ್, ರಿಸೋರ್ಸ್‌ಫುಲ್... 'ನೈಸ್' ಪದವನ್ನು ಮಾತ್ರ ಬ್ಯಾನ್ ಮಾಡಿದೆ. ("ಅದು ಸೋಮಾರಿಗಳ ಪದ, ಆಂಟಿ.") ಆಂಟಿ "ಡಿಪೆಂಡ್, ಡಿಪೆಂಡಬಲ್, ಡಿಪೆಂಡಬಿಲಿಟಿ" ಎನ್ನುತ್ತಲೇ ರೊಟ್ಟಿ ತಟ್ಟುತ್ತಿದ್ದರು. ಮೂರು ವಾರದಲ್ಲಿ ಪಟ್ಟಿ ಪೂರ್ತಿ ಬಾಯಿಪಾಠವಾಯಿತು. ಅವರ ಮನೆಯವರೆಲ್ಲ ದಪ್ಪ ರೊಟ್ಟಿ ತಿಂದರು.

ಇಂಟರ್‌ವ್ಯೂ ದಿನ ನಾನೇ ಡ್ರೈವ್ ಮಾಡಿದೆ. ಮೊದಲು ಆಂಟಿ ಒಳಗೆ ಹೋದರು. ಕಾಲು ಗಂಟೆ ಕಳೆದ ಮೇಲೆ ಮುಖ ಅರಳಿಸಿಕೊಂಡು ಹೊರಗೆ ಬಂದರು. "ಇಪ್ಪತ್ತಕ್ಕ ಇಪ್ಪತ್ತೂ ಹೇಳೀನಿ!"

ಮುಂದಿನ ಸರದಿ ನನ್ನದು. ಮ್ಯಾನೇಜರ್ ನನ್ನನ್ನು ಹಳೇ ಪರಿಚಯದವಳಂತೆ ಬರಮಾಡಿಕೊಂಡ. ನಾನೂ 'ಐ ಆಮ್, ಐ ಆಮ್' ಎಂದು ಬಿಡದೆ ಕೊಚ್ಚಿಕೊಂಡೆ. ಕೊನೆಗೆ ಆತ ಕೇಳಿದ: "ಹೊರಗೆ ಕೂತಿರುವ ನಿಮ್ಮ ಫ್ರೆಂಡ್ ಹೇಗೆ?" ನನ್ನ ತಲೆ ಇನ್ನೂ ನನ್ನ ಗುಣಗಾನದಲ್ಲೇ ಇತ್ತು.

"ಶಿ ಈಸ್ ನೈಸ್" ಎಂದೆ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. "ನಿಮ್ಮ ಬಗ್ಗೆ ಏನೇನು ಹೇಳಿದ್ರಿ ಆಂಟಿ?"

"ನನ್ನ ಬಗ್ಗೆನಾ? ನಮ್ಮ ಬಾಯಿಲೆ ನಮ್ಮನ್ನ ಹೊಗಳ್ಕೊಳ್ಳೋದು ಹೆಂಗವಾ, ನಾಚಿಕಿ ಬರೂದಿಲ್ಲೇನು? ಹೊರಗ ಕುಂತಾಕಿ ಬಗ್ಗೆ ಹೇಳ್ತೀನಿ ಅಂದೆ. ಪಂಕ್ಚುಯಲ್‌ನಿಂದ ಹಿಡದು ಎಲ್ಲಾ ನಿನ್ನ ಮ್ಯಾಲೇ ಹೇಳಿದೆ!"

ಹೈವೇಯಿಂದ ಇಳಿಯಬೇಕಾದ ಎಕ್ಸಿಟ್ ತಪ್ಪಿಹೋಯಿತು. ನಾಲ್ಕು ಮೈಲಿ ಸುತ್ತಾಯಿತು.

ತಪ್ಪು ಅವರದೇ? ಯಾರಾದರೂ ಹೊಗಳಿದರೆ "ಅಯ್ಯೋ, ನಂದೇನಿದೆ" ಎಂದು ತಲೆ ತಗ್ಗಿಸುವುದನ್ನೇ ನಮ್ಮ ಮನೆಗಳಲ್ಲಿ ಮರ್ಯಾದೆ ಎನ್ನುತ್ತಾರೆ. ಇಲ್ಲಿ ಹಾಗೆಂದರೆ ಫೈಲ್ ಮುಚ್ಚುತ್ತಾರೆ. ಇಪ್ಪತ್ತು ಪದ ಕಲಿಸಿದ ನಾನು, ಅವನ್ನು ತಮ್ಮ ಬಗ್ಗೆಯೇ ಹೇಳಿಕೊಳ್ಳಬೇಕೆಂದು ಕಲಿಸುವುದನ್ನೇ ಮರೆತಿದ್ದೆ.

ಗುರುವಾರ ಆಫರ್ ಬಂತು, ನನಗೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಆಂಟಿ ಮಾತ್ರ ಬಟ್ಟಲು ತುಂಬ ಶಾವಿಗೆ ಪಾಯಸ ಹಿಡಿದು ಬಂದರು. "ಮಗ ಬಾಜೂಕ ಇಲ್ದ ಕಾಲು ತಾಸು ಇಂಗ್ಲಿಷ್ ಮಾತಾಡೀನಿ ನೋಡವಾ!" ಎಂದು ಹಿಗ್ಗಿದರು. ಆಮೇಲೆ ಮೆಲ್ಲಗೆ ಕೇಳಿದರು: "ನೀ ನನ್ನ ಬಗ್ಗೆ ಏನಂದಿ?"

ಪುಣ್ಯಕ್ಕೆ ನನ್ನ ಬಾಯಿ ತುಂಬ ಪಾಯಸವಿತ್ತು.

ಸೋಮವಾರ ಡ್ಯೂಟಿ ಶುರು. ಆ ಮ್ಯಾನೇಜರ್ 'ನಿಮ್ಮ ಫ್ರೆಂಡ್ ಹೇಗೆ' ಎಂದು ಇನ್ನೊಂದು ಸಲ ಕೇಳಿಯಾನೇ? ಇಪ್ಪತ್ತೂ ಪದ ರೆಡಿ ಇಟ್ಟುಕೊಂಡಿದ್ದೇನೆ.